ಮಾತ್ರೆ ನುಂಗಿ ಓದಿದ್ದು ಎಲ್ಲಿ ಹೋಯ್ತು?

ಪ್ರಶ್ನೆ: ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ಪ್ರಿಪರೇಟರಿ ಪರೀಕ್ಷೆಯ ಹಿಂದಿನ ರಾತ್ರಿ ಎದೆ ಡವಡವ ಅನ್ನುತ್ತಿತ್ತು. ಅಜ್ಜಿಯ ಡಬ್ಬಿಯಿಂದ ಆತಂಕ ತಗ್ಗಿಸುವ ಅಲ್ಪ್ರಜೋಲಾಮ್ 0.5 ಮಿ.ಗ್ರಾಂ. ಮಾತ್ರೆ ಒಂದನ್ನು ನುಂಗಿ, ಸುಮಾರು ಎರಡು ಗಂಟೆ ಕೆಮಿಸ್ಟ್ರಿ ಓದಿದೆ. ಬೆಳಿಗ್ಗೆ ನೋಡಿದರೆ ನೋಟ್ಸ್‌ನಲ್ಲಿ ನನ್ನದೇ ಅಕ್ಷರ, ಬರೆದ ನೆನಪೇ ಸರಿಯಾಗಿಲ್ಲ! ಸಂಜೆ ಓದಿದ್ದೆಲ್ಲ ನೆನಪಿದೆ. ನನ್ನ ತಲೆಗೆ ಏನಾದರೂ ಆಯಿತಾ?
– ಹೆಸರು ಬೇಡ, ಹಾಸನ

ಉತ್ತರ: ಹೆದರಬೇಡಮ್ಮ, ಏನೂ ಆಗಿಲ್ಲ. ಮೊದಲು ಓದಿದ್ದು ಉಳಿದಿದೆ, ನುಂಗಿದ ಮೇಲೆ ಓದಿದ್ದು ಮಾತ್ರ ಹೋಗಿದೆ ಅಲ್ವಾ? ಈ ಮಾತ್ರೆಗಳ ಚಾಳಿಯೇ ಅದು. ಮೆದುಳಿನಲ್ಲಿ ಗ್ಯಾಬಾ ಅನ್ನುವ ರಾಸಾಯನಿಕ ನರಕೋಶಗಳ ಗದ್ದಲ ತಗ್ಗಿಸುತ್ತದೆ. ಅಲ್ಪ್ರಜೋಲಾಮ್, ಡಯಾಜೆಪಾಮ್, ಲೋರಾಜೆಪಾಮ್ ಇವೆಲ್ಲ ಅದರ ಕೈ ಜೋರು ಮಾಡುತ್ತವೆ. ಡವಡವ ನಿಲ್ಲುವುದು ಅದರಿಂದಲೇ. ಆದರೆ ಹೊಸದನ್ನು ನೆನಪಾಗಿ ಕಟ್ಟಿಡುವ ಹಿಪೊಕ್ಯಾಂಪಸ್ ಕೂಡ ಅದೇ ಹೊತ್ತಿಗೆ ಮಂಕಾಗುತ್ತದೆ. ಕಣ್ಣು ಓದುತ್ತದೆ, ಕೈ ಬರೆಯುತ್ತದೆ, ಒಳಗೆ ಇಳಿಯುವುದಿಲ್ಲ. ಹಾಗಾಗಿ ಸುಮ್ನೆ ತಲೆ ಕೆರೆದುಕೊಳ್ಳಬೇಡ, ಆ ಪಾಠ ಹೊಸದಾಗಿ ಓದು.

ನಾವು ಡಾಕ್ಟರುಗಳು ಈ ಮರೆವನ್ನು ಬೇಕಂತಲೇ ಬಳಸುವುದೂ ಉಂಟು. ಎಂಡೋಸ್ಕೋಪಿಗೆ (ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡುವುದು) ಮುಂಚೆ ಇದೇ ಜಾತಿಯ ಮಿಡಾಜೋಲಾಮ್ ಇಂಜೆಕ್ಷನ್ ಕೊಟ್ಟಿರುತ್ತೇವೆ. ಮಗ್ಗುಲಾಗಿ ಅಂದರೆ ರೋಗಿ ಮಗ್ಗುಲಾಗುತ್ತಾರೆ, ಕೇಳಿದ್ದಕ್ಕೆ ಹೂಂ ಅನ್ನುತ್ತಾರೆ, ಎಲ್ಲ ಮುಗಿದು ಅರ್ಧ ಗಂಟೆಯಾದ ಮೇಲೆ 'ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?' ಅಂತ ಕೇಳುತ್ತಾರೆ! ಅದಕ್ಕೇ ರಿಪೋರ್ಟ್ ವಿಷಯವನ್ನು ಜೊತೆಗೆ ಬಂದವರಿಗೂ ಹೇಳುವುದು.

ನಿದ್ದೆಗಾದರೂ ಒಳ್ಳೆಯದಲ್ವಾ ಅನ್ನಬೇಡ. ನಿದ್ದೆ ಬರುತ್ತದೆ ನಿಜ, ಆದರೆ ಗಾಢ ನಿದ್ದೆಯ ಪಾಲು ಕಡಿಮೆಯಾಗುತ್ತದೆ, ಓದಿದ್ದು ಗಟ್ಟಿಯಾಗಲು ಬೇಕಾದದ್ದೇ ಅದು. ಜೊತೆಗೆ ಅಲ್ಪ್ರಜೋಲಾಮ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 11 ಗಂಟೆ ಬೇಕು. ರಾತ್ರಿ 11ಕ್ಕೆ ನುಂಗಿದರೆ ಬೆಳಿಗ್ಗೆ 10ಕ್ಕೆ ಅದರರ್ಧ ನಿನ್ನ ಜೊತೆಗೇ ಬೆಂಚಿನ ಮೇಲೆ ಕೂತಿರುತ್ತದೆ. ಡವಡವ ಪರೀಕ್ಷೆ ಬಂದಾಗಲೆಲ್ಲ ಕಾಡಿದರೆ ಡಾಕ್ಟರಿಗೆ ತೋರಿಸು, ಅಜ್ಜಿಯ ಡಬ್ಬಿಗೆ ಕೈ ಹಾಕಬೇಡ.

ಅಂದಹಾಗೆ, ಅಜ್ಜಿ ದಿನಾ ಇದನ್ನು ನುಂಗುತ್ತಾರಾ? ವಯಸ್ಸಾದವರಲ್ಲಿ ಮರೆವು, ರಾತ್ರಿ ಎದ್ದಾಗ ತೂರಾಡಿ ಬೀಳುವುದು ಇದರಿಂದ ಜಾಸ್ತಿ, ನಾವು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತೇವೆ. ಹಾಗಂತ ಇವತ್ತೇ ಡಬ್ಬಿ ಬಚ್ಚಿಡಬೇಡಿ. ಬಹಳ ದಿನ ತಗೊಂಡವರು ದಿಢೀರನೆ ಬಿಟ್ಟರೆ ನಡುಕ, ಫಿಟ್ಸ್ ಕೂಡ ಬರಬಹುದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ನಿಧಾನವಾಗಿ ಕಡಿಮೆ ಮಾಡಿಸಿ.

ಮತ್ತೆ, ಒಂದು ಮಾತ್ರೆ ನೀನು ತೆಗೆದದ್ದನ್ನು ಅಜ್ಜಿಗೆ ಹೇಳಿಬಿಡು. ಪಾಪ, ತಾನೇ ನುಂಗಿ ಮರೆತೆ ಅಂದುಕೊಂಡಿರುತ್ತಾರೆ.