ಲಾಭದಲ್ಲಿ ಎಷ್ಟು ಪಾಲು ಸಮಾಜಸೇವೆಗೆ ಎತ್ತಿಡಬೇಕು?

ನೀವು ಕೇಳಿರುವುದು ಎರಡು ವಿಷಯ: ಸಣ್ಣ ಉದ್ಯಮ ಶುರು ಮಾಡಿದರೆ ಲಾಭದ ಶೇ 2ರಷ್ಟನ್ನು ಸಮಾಜಸೇವೆಗೆ ಕೊಡಲೇಬೇಕಾ, ಎಷ್ಟು ಕೊಟ್ಟರೆ ಅದು ‘ಸಾಮಾಜಿಕ ಉದ್ಯಮ’ ಅನ್ನಿಸಿಕೊಳ್ಳುತ್ತದೆ ಅಂತ.

ಮೊದಲನೆಯದಕ್ಕೆ ಉತ್ತರ ಸುಲಭ. ಬೇಕಿಲ್ಲ. 2013ರ ಕಂಪನಿ ಕಾಯ್ದೆಯ ಆ ನಿಯಮ ಇರುವುದು 5 ಕೋಟಿ ನಿವ್ವಳ ಲಾಭ, 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಮೌಲ್ಯ ಮುಟ್ಟಿದ ಕಂಪನಿಗಳಿಗೆ. ನಾವೆಲ್ಲ ಆ ಲೆಕ್ಕಕ್ಕೇ ಬರಲ್ಲ.

ಎರಡನೆಯದಕ್ಕೆ ನನ್ನ ಕಥೆಯನ್ನೇ ಹೇಳುತ್ತೇನೆ. ಸಾಗರದ ಕಡೆ ನಮ್ಮದೊಂದು ಅಡಿಕೆ ಹಾಳೆ ತಟ್ಟೆ ಮಾಡುವ ಯೂನಿಟ್ ಇದೆ. 2022ರ ಜುಲೈನಲ್ಲಿ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧವಾದ ಮೇಲೆ ಬೆಂಗಳೂರಿನಿಂದ ದೊಡ್ಡ ಆರ್ಡರ್ ಬಂತು. ಖುಷಿಯಲ್ಲಿ ಮೂರು ತಿಂಗಳ ಉದ್ರಿಗೆ ಒಪ್ಪಿಕೊಂಡೆ. ಅಡಿಕೆ ಹಾಳೆ ಕೂಡಿಡಬೇಕಾದ್ದು ಬೇಸಿಗೆಯಲ್ಲಿ. ಮಳೆ ಹಿಡಿಯುವ ಮೊದಲು ಒಣಗಿಸಿ ಒಳಗಿಡದಿದ್ದರೆ ಬೂಷ್ಟು ಬರುತ್ತದೆ. ಅಂದರೆ ದುಡ್ಡು ಬೇಕಾಗುವುದೂ ಅದೇ ಹೊತ್ತಿಗೆ. ಬೆಂಗಳೂರಿನ ಬಾಕಿ ಬರಲಿಲ್ಲ, ಇಲ್ಲಿ ಶನಿವಾರದ ಬಟವಾಡೆ ತಪ್ಪಿತು. ಅದೇ ವಾರ ನಾನು ಶಾಲೆಯ ಮಕ್ಕಳಿಗೆ ನೋಟ್‌ಬುಕ್ ಹಂಚಿ ಫೋಟೋ ಬೇರೆ ತೆಗೆಸಿಕೊಂಡಿದ್ದೆ! ತಟ್ಟೆಯ ಅಂಚು ಕತ್ತರಿಸುತ್ತಿದ್ದ ಅಕ್ಕ ಒಬ್ಬರು ತಲೆ ಎತ್ತದೇ ಕೇಳಿದರು: “ಪುಸ್ತಕ ಇರ್ಲಿ ಅಣ್ಣ, ನಮ್ಮ ಎರಡು ವಾರದ ದುಡ್ಡು ಯಾವಾಗ?”

ಅವತ್ತು ಗೊತ್ತಾಯಿತು. ಬೆಂಗಳೂರಿನವನ ಉದ್ರಿಗೆ ಬಂಡವಾಳ ಹಾಕುತ್ತಿದ್ದದ್ದು ನಾನಲ್ಲ, ಈ ಹೆಂಗಸರು.

ಸೆಲ್ಕೋ ನೋಡಿ. 1995ರಲ್ಲಿ ಶುರುವಾದ ಬೆಂಗಳೂರಿನ ಸೋಲಾರ್ ಕಂಪನಿ, ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಬಡವರಿಗೆ ಸೋಲಾರ್ ದೀಪವನ್ನು ಪುಕ್ಕಟೆ ಹಂಚಲಿಲ್ಲ, ಮಾರಿದರು. ಬ್ಯಾಂಕ್ ಸಾಲ ಕೊಡಿಸಿದರು. ಸಂಪಾದನೆ ಹೇಗೆ ಬರುತ್ತದೋ ಹಾಗೆ ಕಂತು. ದಿನಾ ದುಡಿಯುವ ತಳ್ಳುಗಾಡಿಯವರಿಗೆ ತಿಂಗಳಿಗೊಮ್ಮೆ ದೊಡ್ಡ ಮೊತ್ತ ಕಟ್ಟುವುದು ಕಷ್ಟ, ದಿನಕ್ಕಿಷ್ಟು ಅಂತ ಕಟ್ಟುವುದು ಆಗುತ್ತದೆ, ಅಲ್ವಾ? ಯಾರ ಕೈಗೆ ದುಡ್ಡು ಯಾವಾಗ ಬರುತ್ತದೆ ಅನ್ನುವುದನ್ನು ಅವರು ಗಮನಿಸಿದ್ದರು. ನಾನು ಗಮನಿಸಿರಲಿಲ್ಲ.

ಹಾಗಾಗಿ ಶೇಕಡಾವಾರು ಲೆಕ್ಕ ಬಿಡಿ, ದುಡಿದವರ ಕೈಗೆ ದುಡ್ಡು ಹೊತ್ತಿಗೆ ಸರಿಯಾಗಿ ಸೇರುತ್ತಾ ನೋಡಿ. ಅದಕ್ಕೆ ನಿಮ್ಮ ಬಾಕಿ ಹೊತ್ತಿಗೆ ಬರಬೇಕು. ಮೊದಲು ‘ಉದ್ಯಮ್’ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ, ಮಾಡಿಸಿ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನಮ್ಮಂಥವರಿಂದ ಮಾಲು ಕೊಂಡವರು ಬರಹದಲ್ಲಿ ಏನೇ ಒಪ್ಪಂದ ಮಾಡಿಕೊಂಡಿದ್ದರೂ ದುಡ್ಡು ಕೊಡುವುದನ್ನು 45 ದಿನ ದಾಟಿಸುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ದಾಟಿದರೆ ಬಡ್ಡಿ. ಇದು ನನಗೆ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ. ಕಾನೂನು ಇದೆ ಅಂತ ದುಡ್ಡು ತಾನಾಗಿ ಬರಲ್ಲ, ಆದರೆ ಫೋನಿನಲ್ಲಿ ಮಾತಾಡುವ ಧಾಟಿ ಬದಲಾಗುತ್ತದೆ.

ಈಗ ಅರ್ಧ ಮುಂಗಡ ಕೊಡದವರಿಗೆ ಮಾಲು ಕಳಿಸಲ್ಲ. ಬಟವಾಡೆಯ ದುಡ್ಡಿಗೆ ಬೇರೆ ಖಾತೆಯೇ ಇಟ್ಟಿದ್ದೇನೆ. ಹೀಗೆ ಮಾಡಿ ಎರಡು ದೊಡ್ಡ ಆರ್ಡರ್ ಕಳೆದುಕೊಂಡೆ. ಒಂದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.