ದೊಡ್ಡಮನೆ ಯಾರದು?

ಹೊಳಲ್ಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರ: ‘ನಮ್ಮೂರ ಪಟೇಲರ ದೊಡ್ಡಮನೆ ನಮ್ಮ ಮುತ್ತಾತ ಕಟ್ಟಿಸಿದ್ದು. ಗೇಣಿ ಕಾಯ್ದೆಯಲ್ಲಿ ಹೊಲ ಹೋಯಿತು. ಈಗ ದಾಯಾದಿಗಳು ಮನೆಯನ್ನೂ ಮಾರಿದ್ದಾರೆ. ಕೊಂಡವನು ನಮ್ಮ ಗೇಣಿದಾರನ ಮೊಮ್ಮಗ. ಆಗಲೇ ಮಾಳಿಗೆ ರಿಪೇರಿ ಶುರುಮಾಡಿದ್ದಾನೆ. ಒಂದು ಮನೆತನದ ಇತಿಹಾಸ ಹೀಗೆ ಅಳಿಸಿಹೋಗುತ್ತಿದ್ದರೂ ನೀವೇಕೆ ಬರೆಯುವುದಿಲ್ಲ?’

ಸಂಪಾದಕರು: ಆಡಿ ಬೆಳೆದ ಪಡಸಾಲೆ ಪರರ ಪಾಲಾದರೆ ಹೊಟ್ಟೆಗೆ ಸಂಕಟವಾಗುವುದು ಸಹಜ. ಆದರೆ ಇತಿಹಾಸ ಅಳಿಸಿತೆಂದು ನಾನು ಒಪ್ಪಲಾರೆ. ಚಿತ್ರದುರ್ಗದ ಕೋಟೆ 1779ರಲ್ಲಿ ಮದಕರಿ ನಾಯಕರಿಂದ ಹೈದರಾಲಿಗೆ, 1799ರ ನಂತರ ಮೈಸೂರು ಅರಸರಿಗೆ ಹೋಯಿತು. ಕೋಟೆಯ ಕಥೆ ಅಲ್ಲಿಗೆ ಮುಗಿಯಿತೆಂದು ದುರ್ಗದವರು ಯಾರೂ ಹೇಳುವುದಿಲ್ಲ.

ಹೊಲದ ವಿಷಯಕ್ಕೆ ಬನ್ನಿ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೆರಡರಲ್ಲಿ ಸಾಗುವಳಿದಾರನ ಹೆಸರು. ದೇವರಾಜ ಅರಸರ ಕಾಲದ ಗೇಣಿ ಕಾಯ್ದೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಉತ್ತವನಿಗೇ ಹೊಲ ಎಂದಿತು. ಎಷ್ಟೋ ಕಡೆ ಗೇಣಿದಾರನ ಹೆಸರು ಹನ್ನೆರಡರಲ್ಲೂ ಇರಲಿಲ್ಲ, ಧಣಿಗಳು ಬರೆಸಿರಲಿಲ್ಲ. ಅಂಥವರೂ ಹೊಲದ ಹಕ್ಕು ಕೇಳುವ ಅರ್ಜಿಯಾದ ನಮೂನೆ 7 ತುಂಬಿ, ಧಣಿಯ ಎದುರೇ ಭೂ ನ್ಯಾಯಮಂಡಳಿ ಮುಂದೆ ನಿಲ್ಲಬೇಕಿತ್ತು. ಊರಲ್ಲಿ ಮರುದಿನ ಅದೇ ಧಣಿಯ ಮುಖ ನೋಡಬೇಕು! ಹೆದರಿ ಅರ್ಜಿಯನ್ನೇ ಹಾಕದೆ ಹೊಲ ಬಿಟ್ಟವರ ಮನೆಗಳು ನಿಮ್ಮ ಊರಲ್ಲೂ ಇದ್ದಾವು, ವಿಚಾರಿಸಿ. ನಿಮ್ಮ ಗೇಣಿದಾರ ಹೆದರಲಿಲ್ಲ. ಅವನ ಮೊಮ್ಮಗ ಕ್ರಯಕ್ಕೆ ಕೊಂಡು ಮಾಳಿಗೆಗೆ ಮಣ್ಣು ಹಾಕಿಸುತ್ತಿದ್ದಾನೆ. ಮಳೆಗಾಲಕ್ಕೆ ಮುಂಚೆ ಮಾಳಿಗೆ ಭದ್ರಮಾಡುವ ಆ ಕೆಲಸವನ್ನು ನಿಮ್ಮ ದಾಯಾದಿಗಳು ಎಷ್ಟು ವರ್ಷದಿಂದ ಬಿಟ್ಟಿದ್ದರು? ನನಗಂತೂ ಆ ಹುಡುಗನ ಬೆನ್ನು ತಟ್ಟಬೇಕೆನಿಸುತ್ತದೆ.

ಮನೆಗಳು ಹಾಳಾಗುವುದು ಬೇರೆ ದಾರಿಯಲ್ಲಿ. ಹೊಸದುರ್ಗದ ಕಡೆ ಅಣ್ಣತಮ್ಮಂದಿರ ವಿಭಾಗವಾದ ಮನೆಯೊಂದನ್ನು ಕಂಡೆ. ಪಡಸಾಲೆಯ ನಡುವೆ ಸಿಮೆಂಟ್ ಇಟ್ಟಿಗೆ ಗೋಡೆ ಎದ್ದಿತ್ತು. ಕೆತ್ತನೆಯ ಕಂಬವೊಂದರ ಅರ್ಧ ಈ ಕಡೆ, ಅರ್ಧ ಆ ಕಡೆ, ನಡುವಿನ ಗಿಳಿಯ ಕೊಕ್ಕು ಗಾರೆಯಲ್ಲಿ ಹೂತಿತ್ತು. ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಕಲ್ಲು ತುಂಬಿದ್ದರು. ಉಳಿದ ಕಂಬಗಳನ್ನು ಬೆಂಗಳೂರಿನ ದಲ್ಲಾಳಿಗೆ ಕೊಟ್ಟಾಗಿತ್ತು, ಯಾವುದೋ ರೆಸಾರ್ಟಿನ ಬಾಗಿಲಿಗಂತೆ. ಮಾಡಿದವರು ಹೊರಗಿನವರಲ್ಲ, ಮನೆತನದವರೇ.

ಇನ್ನೊಂದು ಮಾತು, ಬೇಸರಿಸಬೇಡಿ. ನಿಮ್ಮ ಪತ್ರದಲ್ಲಿ ಮುತ್ತಾತ, ದಾಯಾದಿ ಎಲ್ಲರೂ ಇದ್ದಾರೆ; ಸೋದರತ್ತೆಯರು ಒಬ್ಬರೂ ಇಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ನಮ್ಮ ರಾಜ್ಯ 1994ರಲ್ಲೇ ಪಾಲು ಕೊಟ್ಟರೂ ಆಗಲೇ ಮದುವೆಯಾದವರನ್ನು ಬಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಅವರನ್ನೂ ಸೇರಿಸಿತು. ಈಗಲೂ ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ಮನೆಗಳು ಕಡಿಮೆಯೇ? ಮನೆತನದ ಹೆಸರಿನಲ್ಲಿ ನಡೆಯುವ ಈ ಅನ್ಯಾಯಕ್ಕೆ ನನಗೆ ಕೋಪ ಬರುತ್ತದೆ.

ನೀವು ತಿಳಿದವರು, ಬರೆಯಬಲ್ಲವರು. ಹಳೆಯ ಪಹಣಿ, ಮ್ಯುಟೇಷನ್ ನಕಲು, ವಿಭಾಗ ಪತ್ರ ತೆಗೆಸಿ. ಅತ್ತೆಯರನ್ನು ಮಾತಾಡಿಸಿ, ಕೊಂಡವನ ಮನೆಗೂ ಹೋಗಿ ಅವನ ತಾತ ನ್ಯಾಯಮಂಡಳಿ ಮುಂದೆ ನಿಂತ ದಿನದ ಕಥೆ ಬರೆದುಕೊಳ್ಳಿ. ದೊಡ್ಡಮನೆಯ ಆ ಪೂರ್ತಿ ಚರಿತ್ರೆಗೆ ನಮ್ಮ ಪತ್ರಿಕೆಯಲ್ಲಿ ಎಷ್ಟು ಪುಟ ಬೇಕಾದರೂ ಕೊಡುತ್ತೇನೆ.