ಸಂಪಾದಕರ ಉತ್ತರ: ಮಗ ಬ್ಯಾಕ್ ಆಡ್ತಾನೆ, ಏನು ಮಾಡೋದು?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ತಿರುಳು ಇಷ್ಟು: 'ಕಳೆದ ಸಂಚಿಕೆಯಲ್ಲಿ ಆಶ್ಲಿ ವೆಸ್ಟ್‌ವುಡ್ ಅನ್ನುವ ಫುಟ್‌ಬಾಲ್ ಕೋಚ್ ಬಗ್ಗೆ ಎರಡು ಪುಟ ಬರೆದಿರಿ. ಅದನ್ನು ಓದಿ ನನ್ನ ಮಗ ಕೆಟ್ಟ. ಒಂಬತ್ತನೇ ಕ್ಲಾಸು. ಶಾಲೆ ಟೀಮಿನಲ್ಲಿ ಬ್ಯಾಕ್, ಅಂದರೆ ಎದುರಿನವರನ್ನು ತಡೆಯುವ ಡಿಫೆಂಡರ್ ಆಗಿ ಆಡುತ್ತಾನೆ. ಇವತ್ತಿನವರೆಗೆ ಒಂದು ಗೋಲು ಹೊಡೆದವನಲ್ಲ. ಈಗ ನೋಡಿದರೆ ಡಿಫೆಂಡರ್ ಆಗಿ ಆಡಿ ಆಮೇಲೆ ಕೋಚ್ ಆಗ್ತೀನಿ ಅಂತಾನೆ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಬೇಕು, ಇವನು ಬಾಲ್ ಹಿಡಿದು ಹೊರಟಿರ್ತಾನೆ. ಹೆಸರೂ ಇಲ್ಲದ, ದುಡ್ಡೂ ಇಲ್ಲದ ಜಾಗಕ್ಕೆ ಹುಡುಗರನ್ನು ಯಾಕೆ ಹುರಿದುಂಬಿಸ್ತೀರಿ?'

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನೂ ಶಾಲೆಯಲ್ಲಿ ಬ್ಯಾಕ್ ಆಡಿದವನು. ಅದೇನು ಹೆಗ್ಗಳಿಕೆಯಲ್ಲ. ಓಡಲಾಗದವನು ಬ್ಯಾಕು, ನಿಲ್ಲಲೂ ಆಗದವನು ಗೋಲಿ, ಅಂದರೆ ಗೋಲ್‌ಕೀಪರ್. ನಮ್ಮ ಕಾಲದ ಲೆಕ್ಕ ಅಷ್ಟೇ ಇತ್ತು. ಜುಲೈ ತಿಂಗಳ ಒಂದು ಮ್ಯಾಚು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೈದಾನದ ಒಂದು ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು. ನಾವು ನಾಲ್ಕು ಜನ ಬ್ಯಾಕ್‌ಗಳು ಒಟ್ಟಿಗೆ ಮುಂದೆ ಸರಿಯಬೇಕು ಅಂತ ಮಾತಾಗಿತ್ತು. ಬಾಲ್ ಒದ್ದ ಗಳಿಗೆಯಲ್ಲಿ ಗೋಲಿಯನ್ನು ಬಿಟ್ಟು ನಮ್ಮ ಕೊನೆಯ ಆಳಿಗಿಂತ ಎದುರಿನವನು ಗೋಲಿನ ಹತ್ತಿರ ಇದ್ದರೆ ಆಫ್‌ಸೈಡ್, ಅಲ್ವಾ? ಮೂವರು ಸರಿದರು. ನಾನು ಕ್ಯಾನ್ವಾಸ್ ಶೂಸಿನಿಂದ ಕೆಸರು ಕೆರೆಯುತ್ತಾ ಹಿಂದೆಯೇ ಉಳಿದೆ. ಎದುರಿನ ಹುಡುಗ ಆರಾಮಾಗಿ ಹೋಗಿ ಗೋಲು ಹೊಡೆದ. ರೆಫರಿ ನನ್ನ ಕಾಲನ್ನೇ ತೋರಿಸಿ ನಕ್ಕ.

ಆ ಹೊತ್ತಿಗೆ ನನಗೆ ಗೊತ್ತಾಗಿದ್ದೇನೆಂದರೆ, ಬ್ಯಾಕ್ ಆಡುವುದು ಒಬ್ಬನ ಆಟವಲ್ಲ. ಫಾರ್ವರ್ಡ್ ತೊಂಬತ್ತು ನಿಮಿಷದಲ್ಲಿ ಎಂಬತ್ತೊಂಬತ್ತು ನಿಮಿಷ ತಪ್ಪಿದರೂ ಒಂದು ಗೋಲು ಹೊಡೆದು ಹೀರೊ ಆಗಬಹುದು. ಬ್ಯಾಕ್ ಕಥೆ ಉಲ್ಟಾ. ಹಾಗಾಗಿ ಅವನು ಬಾಲ್ ಒಂದನ್ನೇ ನೋಡುತ್ತಾ ನಿಲ್ಲುವಂತಿಲ್ಲ. ಪಕ್ಕದವನು ಎಲ್ಲಿದ್ದಾನೆ, ಮುಂದಿನವನಿಗೆ ಸುಸ್ತಾಗಿದೆಯಾ, ಯಾರು ಯಾರನ್ನು ಬಿಟ್ಟು ಹೋದರು, ಎಲ್ಲ ನೋಡಬೇಕು. ನೋಡಿದ್ದನ್ನು ಕೂಗಿ ಹೇಳಬೇಕು. ಕೋಚ್ ಮಾಡುವುದೂ ಇದನ್ನೇ. ಅವನು ಗೆರೆಯ ಆಚೆ ನಿಂತಿರುತ್ತಾನೆ, ಅಷ್ಟೇ ವ್ಯತ್ಯಾಸ.

ಈಗ ವೆಸ್ಟ್‌ವುಡ್ ವಿಷಯ. ದೊಡ್ಡ ಆಟಗಾರನಾಗಿದ್ದರೆ ಮಾತ್ರ ಕೋಚ್ ಆಗೋದು ಅಂತ ನೀವು ಇನ್ನೊಂದು ಕಡೆ ಬರೆದಿದ್ದೀರಿ. ಈ ಮನುಷ್ಯ ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗರ ತಂಡದಲ್ಲಿ ಬೆಳೆದವನು. ದೊಡ್ಡವರ ತಂಡಕ್ಕೆ ಒಂದು ಮ್ಯಾಚೂ ಆಡಲಿಲ್ಲ. ಆಮೇಲೆ ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ನಾರ್ಥಾಂಪ್ಟನ್, ಚೆಸ್ಟರ್, ರೆಕ್ಸಮ್ ಅಂತ ಊರೂರು ಸುತ್ತಿದ ಸೆಂಟರ್ ಬ್ಯಾಕ್. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ಕೋಚ್ ಆಗಿ ಬಂದ. ಆಗ ನಲವತ್ತೂ ಆಗಿರಲಿಲ್ಲ. ಕಣ್ಣು ಬಿಡದ ಕೂಸಿನಂಥ ಕ್ಲಬ್ಬು, ಮೊದಲ ವರ್ಷವೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೆ ಹೋಗಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಕಪ್ ತಂದರು. ಮರುವರ್ಷ ಫೆಡರೇಷನ್ ಕಪ್. 2016ರಲ್ಲಿ ಮತ್ತೆ ಐ-ಲೀಗ್. ಮೂರು ವರ್ಷದಲ್ಲಿ ಮೂರು ಕಪ್, ಮತ್ತು ಅದೇ ವರ್ಷ ಕೆಲಸ ಮುಗಿದು ಹೊರಟ.

ಹೊರಟ ಅನ್ನೋದನ್ನು ನಿಮ್ಮ ಮಗನಿಗೆ ಎರಡು ಸಲ ಓದಿ ಹೇಳಿ. ದುಡ್ಡಿನ ಪ್ರಶ್ನೆಗೆ ನನ್ನ ಹತ್ತಿರ ಇರುವ ಪ್ರಾಮಾಣಿಕ ಉತ್ತರ ಅದು. ಗೆದ್ದವನೂ ಪೆಟ್ಟಿಗೆ ಕಟ್ಟಬೇಕಾದ ಕಸುಬು ಇದು. ವೆಸ್ಟ್‌ವುಡ್ ಆಮೇಲೆ ಮಲೇಷ್ಯಾ, ಕೋಲ್ಕತ್ತ, ಅಫ್ಘಾನಿಸ್ತಾನ, ಹಾಂಗ್‌ಕಾಂಗ್ ತಂಡಗಳ ಜೊತೆ ಕೆಲಸ ಮಾಡಿದ.

ಕಳೆದ ಸಲ ಜಾಗವಿಲ್ಲದೆ ಬಿಟ್ಟ ಒಂದು ಸಂಗತಿ ಇಲ್ಲಿ ಹೇಳುತ್ತೇನೆ. 2024ರ ಮಾರ್ಚ್ 26, ಗುವಾಹಟಿ. ವಿಶ್ವಕಪ್ ಅರ್ಹತಾ ಪಂದ್ಯ, ಭಾರತ ಮತ್ತು ಅಫ್ಘಾನಿಸ್ತಾನ. ಸುನಿಲ್ ಛೆಟ್ರಿಗೆ ಅದು 150ನೇ ಅಂತರರಾಷ್ಟ್ರೀಯ ಪಂದ್ಯ. ಪೆನಾಲ್ಟಿಯಲ್ಲಿ ಗೋಲೂ ಹೊಡೆದ. ಎದುರು ತಂಡದ ಕೋಚ್ ಯಾರು? ಬೆಂಗಳೂರಿನಲ್ಲಿ ಛೆಟ್ರಿಗೆ ಗುರುವಾಗಿದ್ದ ಇದೇ ವೆಸ್ಟ್‌ವುಡ್. ಭಾರತದ ಕಡೆ ನಿಂತಿದ್ದವರು ಇಗೊರ್ ಸ್ಟಿಮಾಚ್, 1998ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದ ಕ್ರೊಯೇಷ್ಯಾದ ಡಿಫೆಂಡರ್. ಎರಡೂ ಬೆಂಚಿನ ಮುಂದೆ ಹಳೆಯ ಬ್ಯಾಕ್‌ಗಳೇ. ಕೊನೆಗೆ ಅಫ್ಘಾನಿಸ್ತಾನ 2-1ರಿಂದ ಗೆದ್ದಿತು. ನಾನು ಟಿ.ವಿ. ಆರಿಸಿ ಊಟಕ್ಕೂ ಏಳಲಿಲ್ಲ. ಮೂರು ತಿಂಗಳಲ್ಲಿ ಸ್ಟಿಮಾಚ್ ಅವರ ಕೆಲಸವೂ ಹೋಯಿತು.

ನಮ್ಮವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಿ. ಸೈಯದ್ ನಯೀಮುದ್ದೀನ್ ಇದ್ದಾರಲ್ಲ. ಹೈದರಾಬಾದಿನವರು, ಡಿಫೆಂಡರ್. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಕಂಚು ಗೆದ್ದಾಗ ನಾಯಕ. ಮುಂದೆ ಕೋಲ್ಕತ್ತದ ದೊಡ್ಡ ಕ್ಲಬ್ಬುಗಳಿಗೂ ಭಾರತಕ್ಕೂ ಕೋಚ್ ಆದರು. ಜರ್ಮನಿಯ ಬೆಕನ್‌ಬವರ್ ಹೆಸರನ್ನು ನಿಮ್ಮ ಮಗ ಹೇಳಿರಬೇಕು. 1974ರಲ್ಲಿ ನಾಯಕನಾಗಿ, 1990ರಲ್ಲಿ ಕೋಚ್ ಆಗಿ ವಿಶ್ವಕಪ್ ಗೆದ್ದವನು. ಆದರೆ ಅವನನ್ನು ಮಾದರಿ ಮಾಡಿಕೊಳ್ಳೋದು ಬೇಡ. ಅವನ ಹತ್ತಿರ ಕೋಚಿಂಗ್ ಲೈಸೆನ್ಸೇ ಇರಲಿಲ್ಲ, ಆದರೂ ತಂಡ ಕೊಟ್ಟರು. ತೀರ್ಥಹಳ್ಳಿ ಹುಡುಗನಿಗೆ ಹಾಗೆಲ್ಲ ಯಾರೂ ಕೊಡೋದಿಲ್ಲ ಮಾರಾಯ್ರೇ. ಇಲ್ಲಿ ಇ, ಡಿ, ಸಿ, ಬಿ, ಎ, ಪ್ರೊ ಅಂತ ಲೈಸೆನ್ಸಿನ ಮೆಟ್ಟಿಲುಗಳಿವೆ. ಹತ್ತಲು ವರ್ಷಗಳೇ ಬೇಕು, ಕೈಯಿಂದ ಫೀಸು ಕಟ್ಟಬೇಕು, ನಡುವೆ ಚಿಕ್ಕ ಮಕ್ಕಳಿಗೆ ಆಟ ಕಲಿಸುತ್ತಾ ಇರಬೇಕು. ಜೊತೆಗೆ ಒಂದು ಡಿಗ್ರಿ ಮಾಡಿಕೊಳ್ಳಲಿ. ದೈಹಿಕ ಶಿಕ್ಷಣದ ಬಿ.ಪಿ.ಎಡ್. ಮಾಡಿದರೆ ಮೇಷ್ಟ್ರ ಕೆಲಸಕ್ಕಾದರೂ ಅರ್ಜಿ ಹಾಕಬಹುದು. ಇದನ್ನು ಅವನಿಗೆ ಬೇಜಾರಾಗಲಿ ಅಂತ ಹೇಳುತ್ತಿಲ್ಲ.

ಹೆಸರಿನ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನನ್ನ ಜಗಳವಿದೆ. ಗುಂಡಪ್ಪ ವಿಶ್ವನಾಥ್ ಭದ್ರಾವತಿಯಲ್ಲಿ ಹುಟ್ಟಿದ ಜಿಲ್ಲೆ ನಮ್ಮದು. ಇಲ್ಲಿ ಮಕ್ಕಳ ಕೈಗೆ ಮೊದಲು ಸಿಗುವುದೇ ಬ್ಯಾಟು, ಸ್ಕೋರ್ ಹೊಡೆದವನೇ ಆಟಗಾರ ಅನ್ನುವ ಲೆಕ್ಕ ಅಲ್ಲಿಂದ ಬಂದಿರಬೇಕು. ನೀವು ಅಡಿಕೆ ಬೆಳೆಯುವವರು. ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮರದಿಂದ ಮರಕ್ಕೆ ಹಾರುವುದನ್ನು ನೆಂಟರೆಲ್ಲ ಬಾಯಿ ಬಿಟ್ಟು ನೋಡುತ್ತಾರೆ. ಕೆಳಗೆ ಹಗ್ಗ ಹಿಡಿದು ಕೊನೆ ಇಳಿಸಿಕೊಳ್ಳುವವನ ಕಡೆ ಯಾರೂ ತಿರುಗುವುದಿಲ್ಲ. ಆದರೆ ಅವನು ಕೈತಪ್ಪಿದ ದಿನ ಏನಾಗುತ್ತದೆ ಅಂತ ನಿಮಗೆ ಚೆನ್ನಾಗಿ ಗೊತ್ತು, ಸಂಜೆ ಅವನಿಗೆ ಕೂಲಿ ಕೊಡುವವರು ನೀವೇ.

ಫಾರ್ವರ್ಡ್ ಆಡಿಸಿ ಅಂತ ಪಿ.ಟಿ. ಮೇಷ್ಟ್ರ ಹತ್ತಿರ ಹೇಳಿಬಂದಿದ್ದೀರಂತೆ. ದಯವಿಟ್ಟು ಆ ಮಾತು ವಾಪಸ್ ತೆಗೆದುಕೊಳ್ಳಿ. ಮುಂದಿನ ಸಲ ಶಿವಮೊಗ್ಗದ ನೆಹರೂ ಸ್ಟೇಡಿಯಂನಲ್ಲೋ ನಿಮ್ಮೂರಲ್ಲೋ ಅವನ ಮ್ಯಾಚ್ ಇದ್ದಾಗ ಕೊಡೆ ಹಿಡಿದು ಹೋಗಿ. ಎಲ್ಲರ ಹಾಗೆ ನಡುಗೆರೆ ಹತ್ತಿರ ನಿಲ್ಲಬೇಡಿ, ಅವನ ತಂಡದ ಗೋಲಿನ ಹಿಂದೆ ನಿಲ್ಲಿ. ಬಾಲ್ ನೋಡಬೇಡಿ, ಹತ್ತು ನಿಮಿಷ ಸುಮ್ನೆ ಅವನ ಮಾತು ಕೇಳಿಸಿಕೊಳ್ಳಿ. 'ಎಡಕ್ಕೆ ಬಾ', 'ಬಿಡು, ನಂದು', 'ಅವನನ್ನು ಹಿಡಿ' ಅಂತ ಅವನು ಕೂಗುತ್ತಿದ್ದರೆ, ಉಳಿದ ಹುಡುಗರು ಅದನ್ನು ಕೇಳಿ ಸರಿಯುತ್ತಿದ್ದರೆ, ಕೋಚ್ ಆಗ್ತೀನಿ ಅನ್ನೋದು ಬರೀ ಬಾಯಿಮಾತಲ್ಲ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ನನ್ನ ಹಾಗೆ ಪತ್ರಿಕೆ ಕೆಲಸಕ್ಕೆ ಬರಬಹುದು.

ಇನ್ನು ತೋಟದ ವಿಷಯ. ಔಷಧಿ ಹೊಡೆಯಲು ಮಳೆ ನಿಂತು ಹೊಳವಾಗಬೇಕು. ಫುಟ್‌ಬಾಲಿಗೆ ಹಾಗೇನೂ ಇಲ್ಲ. ಹೊಳವಾದ ದಿನ ಅವನು ನಿಮ್ಮ ಜೊತೆ ತೋಟಕ್ಕೆ ಬರಲಿ, ಮಳೆ ಸುರಿಯುವ ದಿನ ಮೈದಾನಕ್ಕೆ ಕಳಿಸಿ. ಈ ಒಪ್ಪಂದಕ್ಕೆ ಹುಡುಗ ಏನಂದ ಅಂತ ಬರೆಯಿರಿ, ಈ ಸಲ ಎರಡೇ ಪುಟ ಸಾಕು.